ಮೊದಲ ಎಂಡ್ಯೂರೋ: ಹವ್ಯಾಸಿ ಸವಾರರಿಗೊಂದು ಕೈಪಿಡಿ

ಕಾಡುಮೇಡಿನ ಮಣ್ಣುದಾರಿಯಲ್ಲಿ ಬೈಕ್ ಓಡಿಸುವ ನನ್ನ ಮೊದಲ ಎಂಡ್ಯೂರೋ ಸ್ಪರ್ಧೆಯನ್ನು ನಾನು ಕೆಡಿಸಿಕೊಂಡದ್ದು ಒಂದು ನಿಮಿಷ ಬೇಗ ತಲುಪಿ. ಸಕಲೇಶಪುರದ ಆಚೆಗೆ ಒಂದು ಕಾಫಿ ತೋಟದಲ್ಲಿ ನಡೆದ ಸಣ್ಣ ಸ್ಪರ್ಧೆ ಅದು. ಸವಾರರು ಬಂದ ನಿಮಿಷವನ್ನು ಬರೆದುಕೊಡುವ ಎರಡನೆಯ ಟೈಮ್ ಕಂಟ್ರೋಲ್‌ನಲ್ಲಿ ನಾನು ಹಾಜರಾಗಬೇಕಿದ್ದ ನಿಮಿಷ 10:41. ನಾನು 10:40ಕ್ಕೇ ಹೋಗಿ, ಹೆಲ್ಮೆಟ್ಟಿನೊಳಗೆ ನಗುತ್ತಾ ಕಾರ್ಡನ್ನು ಮುಂದೆ ಚಾಚಿದೆ. ಮೇಜಿನ ಹಿಂದೆ ಕುಳಿತಿದ್ದ ಹುಡುಗಿ ನನ್ನ ಮುಖವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ, ಏನೂ ಹೇಳದೆ 10:40 ಎಂದು ಬರೆದುಕೊಟ್ಟಳು. ನಿಮಿಷಕ್ಕೆ 60 ಸೆಕೆಂಡುಗಳ ದಂಡ ಎಂಬುದು ನಿಯಮದ ಹಾಳೆಯಲ್ಲಿ ಇದ್ದೇ ಇತ್ತು. ತಡವಾದವರಿಗೆ ಮಾತ್ರ ಅದು ಅನ್ವಯಿಸುತ್ತದೆ ಎಂದು ನಾನು ಭಾವಿಸಿಕೊಂಡಿದ್ದೆ. ಮುಂಚೆ ಬಂದವರಿಗೂ ಅದೇ ದಂಡ. ಆ ದಿನ ವೇಗವನ್ನು ಅಳೆಯುವ ಮೂರು ಸ್ಪೆಷಲ್ ಟೆಸ್ಟ್‌ಗಳಲ್ಲಿ ಹೆಣಗಾಡಿ ಉಳಿಸಿದ್ದ ಸೆಕೆಂಡುಗಳೆಲ್ಲ ಪೆನ್ನಿನ ಒಂದು ಗೆರೆಗೆ ಹೋದವು.

ಆದ್ದರಿಂದ ಬೈಕು, ಬೂಟುಗಳಿಗಿಂತ ಮೊದಲು ಗಡಿಯಾರದ ವಿಷಯವನ್ನು ಹೇಳುತ್ತೇನೆ. ಮೋಟೋಕ್ರಾಸ್‌ನಲ್ಲಿ ಎಲ್ಲರೂ ಒಂದೇ ಗೇಟಿನಿಂದ ಒಟ್ಟಿಗೆ ಹೊರಡುತ್ತಾರೆ, ಮೊದಲು ಗೆರೆ ದಾಟಿದವರು ಗೆಲ್ಲುತ್ತಾರೆ. ಎಂಡ್ಯೂರೋದಲ್ಲಿ ನಿಮಿಷಕ್ಕೆ ಒಬ್ಬರೋ ಇಬ್ಬರೋ ಮೂವರೋ ಹೊರಡುತ್ತಾರೆ. ದಾರಿಯ ಹೆಚ್ಚಿನ ಭಾಗ ಒಂದು ಟೈಮ್ ಕಂಟ್ರೋಲ್‌ನಿಂದ ಇನ್ನೊಂದಕ್ಕೆ ನಿಗದಿತ ಅವಧಿಯಲ್ಲಿ ತಲುಪಬೇಕಾದ ಪ್ರಯಾಣ. ನಡುನಡುವೆ ಕೆಲವು ನಿಮಿಷಗಳ ಸ್ಪೆಷಲ್ ಟೆಸ್ಟ್‌ಗಳು ಬರುತ್ತವೆ, ಅಲ್ಲಿ ಮಾತ್ರ ಸೆಕೆಂಡು ಸೆಕೆಂಡಿನ ಲೆಕ್ಕ. ಟೆಸ್ಟ್‌ಗಳ ಒಟ್ಟು ಸಮಯಕ್ಕೆ ದಂಡದ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಮೇಲೆ. ಈ ಕ್ರೀಡೆಯ ಹಿರಿಯ ಸ್ಪರ್ಧೆಯಾದ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರಂಭವಾದಾಗ ಅದರ ಹೆಸರಿನಲ್ಲಿ ‘ಟ್ರಯಲ್’ ಎಂದಿತ್ತು. ‘ಎಂಡ್ಯೂರೋ’ ಎಂದು ಬದಲಾದದ್ದು 1981ರಲ್ಲಿ. ಯಂತ್ರವೂ ಸವಾರನೂ ದಿನಗಟ್ಟಲೆ ಬಾಳಿಕೆ ಬರುತ್ತಾರೆಯೇ ಎಂಬ ಪರೀಕ್ಷೆಯಾಗಿ ಹುಟ್ಟಿದ ಆಟವಾದ್ದರಿಂದಲೇ, ದಾರಿಯಲ್ಲಿ ಕೆಟ್ಟ ಬೈಕನ್ನು ನೀವೇ ರಿಪೇರಿ ಮಾಡಿಕೊಳ್ಳಬೇಕೆಂಬ ಕಟ್ಟುಪಾಡು ಇವತ್ತಿಗೂ ಉಳಿದುಬಂದಿದೆ.

ಲೆಕ್ಕ ಹೀಗೆ. ನೀವು 9:07ಕ್ಕೆ ಹೊರಟಿರಿ, ಮೊದಲ ಕಂಟ್ರೋಲ್‌ಗೆ 45 ನಿಮಿಷ ಕೊಟ್ಟಿದ್ದಾರೆ ಎಂದಾದರೆ ನಿಮ್ಮ ನಿಮಿಷ 9:52. ಆ ನಿಮಿಷ ಮುಗಿಯುವವರೆಗೆ ಯಾವ ಸೆಕೆಂಡಿನಲ್ಲಿ ಒಳಗೆ ಹೋದರೂ ನೀವು ಸಮಯಕ್ಕೆ ಸರಿಯಾಗಿ ಬಂದಂತೆ. ಬೇಗ ಬಂದರೆ ಹಳದಿ ಬಾವುಟದ ಈಚೆಗೇ ನಿಂತು ನೀರು ಕುಡಿಯಿರಿ, ಚೈನ್ ನೋಡಿಕೊಳ್ಳಿ, ಸುಮ್ಮನೆ ಉಸಿರಾಡಿ. ಎಲ್ಲ ಕಂಟ್ರೋಲ್‌ಗಳ ನಿಮಿಷಗಳನ್ನು ಹೊರಡುವ ಮುನ್ನವೇ ಬಿಳಿ ಟೇಪಿನ ಮೇಲೆ ಬರೆದು ಪೆಟ್ರೋಲ್ ಟ್ಯಾಂಕಿಗೆ ಅಂಟಿಸಿಕೊಳ್ಳಿ. ದಣಿದ ತಲೆಗೆ ಮಧ್ಯಾಹ್ನದ ಹೊತ್ತಿಗೆ ಏಳಕ್ಕೆ ನಲವತ್ತೈದು ಕೂಡಿಸುವುದೂ ಕಷ್ಟವಾಗುತ್ತದೆ. ನಿಮ್ಮ ಕೈಗಡಿಯಾರವನ್ನು ಆಯೋಜಕರ ಗಡಿಯಾರಕ್ಕೆ ಸೆಕೆಂಡಿನವರೆಗೆ ಹೊಂದಿಸಿಕೊಳ್ಳುವುದನ್ನೂ ಮರೆಯಬಾರದು.

ಯಾವ ಸ್ಪರ್ಧೆ, ಯಾರ ನೆಲ

ಭಾರತದಲ್ಲಿ ಮೋಟಾರ್ ಕ್ರೀಡೆಗಳ ಮಾನ್ಯತೆ ಪಡೆದ ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐ. ಅದರ ಪರವಾನಗಿ ಪಡೆದು ನಡೆಯುವ ಸ್ಪರ್ಧೆಗಳಿಗೆ ಸವಾರರೂ ಸ್ಪರ್ಧಾ ಲೈಸೆನ್ಸ್ ಮಾಡಿಸಿಕೊಳ್ಳಬೇಕು. ನಾನು ಹೊಸಬರಿಗೆ ಪರವಾನಗಿಯಿರುವ ಸ್ಪರ್ಧೆಯನ್ನೇ ಆರಿಸಿಕೊಳ್ಳಿ ಎನ್ನುವುದಕ್ಕೆ ಕಾರಣ ಕಾಗದದ ಮೇಲಿನ ಮೋಹವಲ್ಲ: ಅಲ್ಲಿ ವೈದ್ಯರಿರುತ್ತಾರೆ, ಆಂಬುಲೆನ್ಸ್ ಇರುತ್ತದೆ, ಎಲ್ಲರೂ ಹಿಂತಿರುಗಿದರೆಂದು ಖಚಿತಪಡಿಸಿಕೊಳ್ಳಲು ದಾರಿಯ ಕೊನೆಯಲ್ಲಿ ಒಬ್ಬರು ಬರುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಭಾನುವಾರ ಟ್ರೈಲ್ ಇದೆ, ಬನ್ನಿ’ ಎಂದು ಕರೆಯುವ ಕೂಟಗಳು ಅಭ್ಯಾಸಕ್ಕೆ ಚೆನ್ನಾಗಿಯೇ ಇರುತ್ತವೆ. ಆದರೆ ಕಾಲು ಮುರಿದಾಗ ಹೊಣೆ ಯಾರದೆಂದು ಅಲ್ಲಿ ಮೊದಲೇ ಕೇಳಿಕೊಂಡಿರಬೇಕು.

ಹೆಸರು ಕೊಡುವ ಮುನ್ನ ಸ್ಪರ್ಧೆಯ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ತರಿಸಿಕೊಂಡು ಪೂರ್ತಿ ಓದಿ. ಒಂದು ಸುತ್ತು ಎಷ್ಟು ಕಿ.ಮೀ., ಎಷ್ಟು ಸುತ್ತು, ಪೆಟ್ರೋಲ್ ಎಲ್ಲಿ ತುಂಬಿಸಬಹುದು, ಎಷ್ಟು ತಡವಾದರೆ ಸ್ಪರ್ಧೆಯಿಂದಲೇ ಹೊರಗೆ, ಹೊಸಬರಿಗೆ ಪ್ರತ್ಯೇಕ ವರ್ಗವಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಹೆಸರುಗಳಿಂದ ಮೋಸಹೋಗಬೇಡಿ. ‘ಹಾರ್ಡ್ ಎಂಡ್ಯೂರೋ’ ಎಂದು ಬರೆದಿದ್ದರೆ ಅದು ಬಂಡೆ ಹತ್ತುವ ಬೇರೆಯೇ ಆಟ. ಆಸ್ಟ್ರಿಯಾದ ಗಣಿಯೊಂದರಲ್ಲಿ 1995ರಿಂದ ನಡೆಯುತ್ತಿರುವ ಎರ್ಜ್‌ಬರ್ಗ್ ರೋಡಿಯೋ ಅದರ ಮಾದರಿ. ಸಾವಿರಾರು ಕಿ.ಮೀ. ಮರಳುಗಾಡು ದಾಟುವ ಡಕಾರ್‌ನಂಥ ರ್‍ಯಾಲಿಯ ದಾರಿಯೂ ಬೇರೆ, ಆದರೆ ಅಡಿಪಾಯ ಒಂದೇ. 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯನಾದ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರಾಗಲಿ, 2019ರಲ್ಲಿ ಅದನ್ನು ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್ ಅವರಾಗಲಿ ಮಣ್ಣಿನ ಸಣ್ಣ ಟ್ರ್ಯಾಕ್‌ಗಳಲ್ಲಿ ಪಳಗಿಯೇ ಅಲ್ಲಿಗೆ ಹೋದವರು. ಸಂತೋಷ್ ಅವರು ಕೋಲಾರದ ಕಡೆ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್‌ನಂಥ ಜಾಗದಲ್ಲಿ ಎರಡು ದಿನ ಹಣ ಕೊಟ್ಟು ಕಲಿಯುವುದು, ಬೈಕಿಗೆ ಅಷ್ಟೇ ಹಣದ ಬಿಡಿಭಾಗ ಹಾಕಿಸುವುದಕ್ಕಿಂತ ಲಾಭದಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ.

ನೆಲದ ವಿಷಯದಲ್ಲಿ ಉದಾಸೀನ ಸಲ್ಲದು. ಮಲೆನಾಡಿನ ಗುಡ್ಡಗಳ ಮೇಲಿನ ಹುಲ್ಲುಗಾವಲು ಕಣ್ಣಿಗೆ ಖಾಲಿ ಮೈದಾನದಂತೆ ಕಂಡರೂ ಅದರಲ್ಲಿ ಹೆಚ್ಚಿನದು ಮೀಸಲು ಅರಣ್ಯ ಅಥವಾ ಅಭಯಾರಣ್ಯ. ಅನುಮತಿಯಿಲ್ಲದೆ ಒಳಹೊಕ್ಕರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಹಾಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಒಂದೇ ಗೆರೆಯಲ್ಲಿ ಹತ್ತು ಬೈಕುಗಳು ಹತ್ತಿದ ಹುಲ್ಲಿನ ಇಳಿಜಾರು ಮುಂದಿನ ಮಳೆಗೆ ಕೊರಕಲಾಗುವುದನ್ನು ನಾನೇ ಕಂಡಿದ್ದೇನೆ. ತೋಟದ ಮಾಲೀಕರ ಒಪ್ಪಿಗೆಯಿಂದ ಖಾಸಗಿ ಜಮೀನಿನಲ್ಲಿ ನಡೆಯುವ ಸ್ಪರ್ಧೆಗಳೇ ನಮ್ಮಲ್ಲಿ ಹೆಚ್ಚು, ಮತ್ತು ಅದೇ ಸರಿ.

ವಿಮೆಯ ಬಗ್ಗೆ ಯಾರೂ ಹೇಳದ ಮಾತೊಂದಿದೆ. ನಿಮ್ಮ ಬೈಕಿನ ಪಾಲಿಸಿಯ ಹಾಳೆಯನ್ನು ತೆಗೆದು ಬಳಕೆಯ ಮಿತಿಗಳ ಭಾಗವನ್ನು ಓದಿ: ಆಯೋಜಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಇದ್ದೇ ಇರುತ್ತದೆ. ಆರೋಗ್ಯ ವಿಮೆಯ ಸಾಮಾನ್ಯ ಹೊರಗಿಡುವಿಕೆಯ ಪಟ್ಟಿಯಲ್ಲಿ, ವೃತ್ತಿಪರರಾಗಿ ಮೋಟಾರ್ ರೇಸಿಂಗ್‌ನಂಥ ಅಪಾಯಕಾರಿ ಕ್ರೀಡೆಯಲ್ಲಿ ತೊಡಗಿದಾಗ ಆದ ಗಾಯದ ಚಿಕಿತ್ಸೆ ಸೇರಿದೆ. ‘ವೃತ್ತಿಪರ’ ಎಂಬ ಪದವನ್ನು ತಮ್ಮ ಕಂಪನಿ ಹೇಗೆ ಓದುತ್ತದೆಂದು ಹವ್ಯಾಸಿಗಳು ಬರಹದಲ್ಲಿಯೇ ಕೇಳಿಟ್ಟುಕೊಳ್ಳಬೇಕು. ಆಯೋಜಕರು ಕೊಡುವ ಅಪಘಾತ ವಿಮೆಯ ಮೊತ್ತವೆಷ್ಟು ಎಂಬುದನ್ನೂ ಕೇಳಿ.

ಬೈಕು

ಹೊಸಬರಿಗೆ ದೊಡ್ಡ ಎಂಜಿನ್ ಬೇಡ. ಸ್ಪರ್ಧೆಗೆಂದೇ ತಯಾರಾಗುವ ಎಂಡ್ಯೂರೋ ಬೈಕುಗಳು ನೂರು, ನೂರಹತ್ತು ಕಿಲೋ ತೂಗುತ್ತವೆ, ಆದರೆ ಅವುಗಳ ಬೆಲೆ ಕಾರಿನ ಬೆಲೆ; ನೋಂದಣಿ ಇಲ್ಲದವನ್ನು ರಸ್ತೆಗೆ ಇಳಿಸುವಂತಿಲ್ಲ, ಪಿಕಪ್ ಗಾಡಿಯಲ್ಲೇ ಸಾಗಿಸಬೇಕು. ನಮ್ಮ ಹವ್ಯಾಸಿ ಸ್ಪರ್ಧೆಗಳಲ್ಲಿ ಸಾಲುಸಾಲಾಗಿ ಕಾಣಿಸುವುದು 2019ರಲ್ಲಿ ಮಾರುಕಟ್ಟೆಗೆ ಬಂದ ಹೀರೋ ಎಕ್ಸ್‌ಪಲ್ಸ್. ಮುಂದೆ 21 ಇಂಚು, ಹಿಂದೆ 18 ಇಂಚಿನ ಸ್ಪೋಕ್ ಚಕ್ರಗಳು, 220 ಮಿ.ಮೀ. ನೆಲದೆತ್ತರ, ಪೇಟೆಯ ಯಾವ ಅಂಗಡಿಯಲ್ಲೂ ಸಿಗುವ ಕ್ಲಚ್ ಲಿವರ್. ಸುಮಾರು 160 ಕಿಲೋ ತೂಕವೊಂದೇ ಅದರ ಶಾಪ. ಏಳನೆಯ ಸಲ ಎತ್ತಿ ನಿಲ್ಲಿಸುವಾಗ ಆ ಒಂದೊಂದು ಕಿಲೋವೂ ಮೈಗೆ ತಿಳಿಯುತ್ತದೆ.

ಖರ್ಚು ಮಾಡುವುದಾದರೆ ಮೊದಲು ಟೈರಿಗೆ ಮಾಡಿ. ಅಚ್ಚುಬೆಲ್ಲದಂಥ ಗಟ್ಟಿ ಗುಬ್ಬಿಗಳಿರುವ ನಾಬಿ ಟೈರು, ದಪ್ಪ ಟ್ಯೂಬು, ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಮೂತಿ ಹರಿಯದಂತೆ ತಡೆಯುವ ರಿಮ್ ಲಾಕ್, ಇವಿಷ್ಟಿದ್ದರೆ ಗಾಳಿಯನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸಬಹುದು. ಕಲ್ಲು ಹೆಚ್ಚಿದ್ದಲ್ಲಿ ಎರಡು ಮೂರು ಪಿಎಸ್‌ಐ ಏರಿಸಿ, ಇಲ್ಲವಾದರೆ ಕಲ್ಲಿನ ಏಟಿಗೆ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಎರಡನೆಯದಾಗಿ ಲೋಹದ ಕಡ್ಡಿಯಿರುವ ಹ್ಯಾಂಡ್ ಗಾರ್ಡ್ ಮತ್ತು ಎಂಜಿನ್ನಿನ ತಳಕ್ಕೆ ಸ್ಕಿಡ್ ಪ್ಲೇಟ್. ಕ್ಲಚ್ ಹಾಗೂ ಬ್ರೇಕ್ ಲಿವರ್‌ಗಳ ಹ್ಯಾಂಡಲ್ಲಿಗೆ ಕೂಡಿಸುವ ಕ್ಲಾಂಪನ್ನು ಪೂರ್ತಿ ಬಿಗಿ ಮಾಡಬೇಡಿ. ಕೈಯಿಂದ ಬಲವಾಗಿ ತಳ್ಳಿದರೆ ತಿರುಗುವಷ್ಟು ಸಡಿಲವಿರಲಿ, ಬಿದ್ದಾಗ ಮುರಿಯುವ ಬದಲು ಹೊರಳಿಕೊಳ್ಳುತ್ತವೆ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಏರಿನಲ್ಲಿ ಕ್ಲಚ್ ಸುಡುವುದು ತಪ್ಪುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಲ್ಲದಂತೆ ತಡೆಯುವ ಎಬಿಎಸ್ ಇದ್ದರೆ ಹಿಂದಿನ ಚಕ್ರದ್ದನ್ನಾದರೂ ಆರಿಸುವ ಸೌಲಭ್ಯವಿರಬೇಕು. ಸೈಲೆನ್ಸರ್ ಬದಲಿಸುವ ಹುಚ್ಚನ್ನು ಸದ್ಯಕ್ಕೆ ಮುಂದೂಡಿ.

ಬೆನ್ನ ಚೀಲದಲ್ಲಿ ಒಂದು ಮುಂದಿನ ಟ್ಯೂಬು ಇರಲಿ. ಇಕ್ಕಟ್ಟಿನಲ್ಲಿ ಅದು ಹಿಂದಿನ ಚಕ್ರಕ್ಕೂ ಹೇಗೋ ಹೊಂದುತ್ತದೆ. ಟೈರ್ ಲಿವರ್, ಸಣ್ಣ ಪಂಪು, ಚೈನಿನ ಜೋಡುಕೊಂಡಿ, ಕ್ಲಚ್ ಲಿವರ್, ಸ್ಪಾರ್ಕ್ ಪ್ಲಗ್ ಮತ್ತು ಅದರ ಸ್ಪ್ಯಾನರ್, ಒಂದು ಹಿಡಿ ಕೇಬಲ್ ಟೈ, ಎಂಜಿನ್ ಕವಚದ ತೂತು ಮುಚ್ಚಲು ಎಂ-ಸೀಲ್. ನಿಮ್ಮದೇ ಬೈಕಿನ ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂದು ಮನೆಯಲ್ಲೇ ಪರೀಕ್ಷಿಸಿ, ಉಳಿದದ್ದನ್ನು ಮನೆಯಲ್ಲೇ ಬಿಡಿ.

ಮೈ

ಬೂಟು, ಹೆಲ್ಮೆಟ್, ಗಾಗಲ್ಸ್, ಮೊಣಕಾಲಿನ ಕವಚ, ಎದೆ ಬೆನ್ನಿನ ಕವಚ, ಮೊಣಕೈ ಪಟ್ಟಿ, ಗ್ಲೌಸ್ ಎಲ್ಲವೂ ಬೇಕು. ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ, ಹೆಲ್ಮೆಟ್ ಹೇಗೂ ಇರುವುದರಿಂದ ಮೊಣಕಾಲವರೆಗಿನ ಮೋಟೋಕ್ರಾಸ್ ಬೂಟನ್ನೇ ಕೊಳ್ಳಿ. ಈ ಆಟದಲ್ಲಿ ಬೈಕು ಬೀಳುವುದು ಕಾಲಿನ ಮೇಲೆ. ಟ್ರೆಕ್ಕಿಂಗ್ ಶೂ ಹಾಕಿಕೊಂಡು ಬಂದ ಗೆಳೆಯನೊಬ್ಬನ ಪಾದ ಬೈಕಿನ ಕಾಲೂರುವ ಫುಟ್‌ಪೆಗ್ ಮತ್ತು ಕಲ್ಲಿನ ನಡುವೆ ಸಿಕ್ಕಿದ ಸದ್ದು ನನಗಿನ್ನೂ ನೆನಪಿದೆ. ಅವನು ಮೂರು ತಿಂಗಳು ಊರುಗೋಲಿನಲ್ಲಿದ್ದ.

ನೀರನ್ನು ಬೆನ್ನಿನ ಚೀಲದಲ್ಲಿಟ್ಟು ಕೊಳವೆಯಿಂದ ಹೀರುವ ವ್ಯವಸ್ಥೆಯಿರಬೇಕು, ಏಕೆಂದರೆ ಬಾಟಲಿ ತೆಗೆಯಲು ನಿಲ್ಲಬೇಕಾದರೆ ಯಾರೂ ಕುಡಿಯುವುದಿಲ್ಲ. ಎರಡು ಲೀಟರಿಗೆ ಓಆರ್‌ಎಸ್ ಬೆರೆಸಿ. ತೊಡೆಗೆ ಸ್ನಾಯು ಸೆಳೆತ ಬಂದ ಮೇಲೆ ಕುಡಿದ ನೀರು ಆ ದಿನಕ್ಕೆ ಉಪಯೋಗವಾಗದು. ಬೆಳಗ್ಗೆ ಇಡ್ಲಿ, ನಡುವೆ ಬಾಳೆಹಣ್ಣು ಮತ್ತು ಕಡಲೆಮಿಠಾಯಿ ನನಗೆ ಒಗ್ಗಿದ ಆಹಾರ. ಬಿಸಿಬೇಳೆಬಾತ್ ಸಂಜೆಗೆ ಇರಲಿ.

ಅಭ್ಯಾಸಕ್ಕೆ ಕಾಡು ಬೇಕಿಲ್ಲ, ಊರ ಹೊರಗೆ ನಿಮ್ಮವರದೇ ಒಂದು ಖಾಲಿ ನಿವೇಶನ ಸಾಕು. ಎರಡು ಕಲ್ಲಿಟ್ಟು ಅವುಗಳ ಸುತ್ತ ಇಂಗ್ಲಿಷ್ ಎಂಟರ ಆಕಾರದಲ್ಲಿ, ನಿಂತುಕೊಂಡೇ, ನಡಿಗೆಯ ವೇಗದಲ್ಲಿ ಓಡಿಸಿ. ಒಂದೇ ಬೆರಳು ಕ್ಲಚ್ಚಿನ ಮೇಲೆ, ಒಂದೇ ಬೆರಳು ಮುಂದಿನ ಬ್ರೇಕಿನ ಮೇಲೆ. ಭಾರವೆಲ್ಲ ಫುಟ್‌ಪೆಗ್‌ಗಳ ಮೇಲೆ, ಮಂಡಿಗಳು ಟ್ಯಾಂಕನ್ನು ಹಿಡಿದಿರಬೇಕು, ಮೊಣಕೈ ಹೊರಕ್ಕೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದವರ ಮುಂಗೈ ಅರ್ಧ ಗಂಟೆಯಲ್ಲೇ ಕಲ್ಲಾಗುತ್ತದೆ, ಆಮೇಲೆ ಬೆರಳು ಬ್ರೇಕನ್ನು ಒತ್ತುವುದಿಲ್ಲ. ಹಿಡಿತವನ್ನು ಕಾಲಿಗೆ ಒಪ್ಪಿಸುವುದನ್ನು ಕಲಿತರೆ ಅರ್ಧ ವಿದ್ಯೆ ಬಂದಂತೆ.

ಇನ್ನರ್ಧ, ಏರಿನ ನಡುವೆ ಎಂಜಿನ್ ನಿಂತಾಗ ಏನು ಮಾಡಬೇಕೆಂಬುದು. ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಕಡಿದಾದ ಏರಿನಲ್ಲಿ ಬೈಕು ಚಕ್ರ ಜಾರಿಸಿಕೊಂಡೇ ಹಿಂದಕ್ಕೆ ಸರಿಯುತ್ತದೆ. ಗೇರಿನಲ್ಲೇ ಬಿಡಿ, ಎಂಜಿನ್ ಹಿಂದಿನ ಚಕ್ರವನ್ನು ಕಟ್ಟಿಹಾಕುತ್ತದೆ. ಬೈಕಿನ ಎಡಕ್ಕೆ ಇಳಿದು, ಕ್ಲಚ್ಚನ್ನು ಕೂದಲೆಳೆಯಷ್ಟು ಒತ್ತಿ ಬಿಟ್ಟು ಒತ್ತಿ ಬಿಟ್ಟು, ಅದನ್ನೇ ಹಿಂದಿನ ಬ್ರೇಕಿನಂತೆ ಬಳಸುತ್ತಾ ಬೈಕನ್ನು ಅಡ್ಡ ತಿರುಗಿಸಿ ಕೆಳಗಿಳಿಸಿ. ಇದನ್ನು ಎಂಜಿನ್ ಆರಿಸಿ ಹತ್ತು ಸಲ ಮಾಡಿ ನೋಡದೆ ಸ್ಪರ್ಧೆಗೆ ಬರಬೇಡಿ. ಬಿದ್ದ ಬೈಕನ್ನು ಬೆನ್ನು ಬಾಗಿಸದೆ, ಕುಕ್ಕರಗಾಲಿನಲ್ಲಿ ಕುಳಿತು ತೊಡೆಯ ಬಲದಿಂದ ಎತ್ತುವುದನ್ನೂ ಹಾಗೆಯೇ ಅಭ್ಯಾಸ ಮಾಡಿ.

ಸ್ಪರ್ಧೆಯ ದಿನ

ಹಿಂದಿನ ದಿನ ಸ್ಕ್ರೂಟಿನಿ ಇರುತ್ತದೆ: ಬ್ರೇಕು, ಸ್ಪೋಕು, ಎಂಜಿನ್ ನಿಲ್ಲಿಸುವ ಸ್ವಿಚ್ಚು, ಹೆಲ್ಮೆಟ್ಟಿನ ಪ್ರಮಾಣಮುದ್ರೆ ನೋಡುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಬೈಕನ್ನು ಪಾರ್ಕ್ ಫರ್ಮೆ ಎಂಬ ಕಾವಲಿನ ಆವರಣಕ್ಕೆ ಸೇರಿಸಿದ ಮೇಲೆ ಬೆಳಗಿನವರೆಗೆ ಮುಟ್ಟುವಂತಿಲ್ಲ. ಪೆಟ್ರೋಲ್ ತುಂಬಿಸುವಾಗ ಬೈಕಿನಡಿ ಎಣ್ಣೆ ಹೀರುವ ಚಾಪೆ ಹಾಸಬೇಕೆಂಬ ನಿಯಮ ಹಲವೆಡೆ ಇದೆ. ಇವೆಲ್ಲ ಒಂದು ಗಂಟೆಯ ಕೆಲಸ. ಉಳಿದ ಸಂಜೆಯನ್ನು ಸ್ಪೆಷಲ್ ಟೆಸ್ಟ್ ನಡೆದು ನೋಡುವುದಕ್ಕೆ ಕೊಡಿ. ಟೆಸ್ಟ್‌ನೊಳಗೆ ಬೈಕು ಓಡಿಸುವಂತಿಲ್ಲ, ನಡೆಯಬಹುದು. ಆದರೂ ಹೊಸಬರು ಶಿಬಿರದ ಬೆಂಕಿಯ ಸುತ್ತ ಕುಳಿತು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ.

ಬೂಟು ಹಾಕಿಕೊಂಡೇ ನಡೆಯಿರಿ. ಪ್ರತಿ ತಿರುವಿನಲ್ಲೂ ನಿಂತು ಹಿಂದಕ್ಕೆ ತಿರುಗಿ ನೋಡಿ, ಬಂದ ದಾರಿ ಅಲ್ಲಿಂದ ಬೇರೆಯಾಗಿ ಕಾಣುತ್ತದೆ. ತರಗೆಲೆಯ ಕೆಳಗಿನ ಸಿಲ್ವರ್ ಓಕ್ ಬೇರು ಅಡ್ಡಡ್ಡ ಹೋಗಿದೆಯೋ ಓರೆಯಾಗಿ ಹೋಗಿದೆಯೋ ಎಂದು ಕಾಲಿನಿಂದ ಎಲೆ ಸರಿಸಿ ನೋಡಿ. ಅಡ್ಡ ಬೇರನ್ನು ನೇರವಾಗಿ ಹಾಯಬಹುದು, ಒದ್ದೆಯಾದ ಓರೆ ಬೇರು ಮುಂದಿನ ಚಕ್ರವನ್ನು ಕಸಿದುಕೊಳ್ಳುತ್ತದೆ. ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಒಣಗಿದಾಗ ಸಿಮೆಂಟಿನಂತೆ, ಒಂದು ಹದ ಮಳೆಗೆ ಸಾಬೂನಿನಂತೆ. ಕೋಲಾರದ ಕಡೆಯ ಗರಸು ಮಣ್ಣಿನಲ್ಲಿ ತಿರುವಿನ ನಡುವೆ ಬ್ರೇಕ್ ಮುಟ್ಟದಿದ್ದರೆ ಸಾಕು. ಬಯಲುಸೀಮೆಯ ಎರೆಮಣ್ಣು ಎಲ್ಲಕ್ಕಿಂತ ಮೋಸದ್ದು: ಒದ್ದೆಯಾದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಂಟಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ, ಅಲ್ಲಿಗೆ ಎತ್ತರದ ಮಡ್‌ಗಾರ್ಡೇ ಬೇಕು.

ಓಡಿಸುವಾಗ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಆರು ನಿಮಿಷದ ಟೆಸ್ಟ್‌ನಲ್ಲಿ ನಿಮ್ಮ ಮಿತಿಗಿಂತ ಸ್ವಲ್ಪ ಕೆಳಗೆ ಓಡಿಸಿದರೆ ಹತ್ತು ಸೆಕೆಂಡು ಹೋಗಬಹುದು. ಒಮ್ಮೆ ಬಿದ್ದು, ಬೈಕು ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ಮತ್ತೆ ಲಯಕ್ಕೆ ಬರುವಷ್ಟರಲ್ಲಿ ಅರ್ಧ ನಿಮಿಷ ಮುಗಿದಿರುತ್ತದೆ, ಜೊತೆಗೆ ಮುಂದಿನ ಟೆಸ್ಟಿಗೆ ಬೇಕಾದ ಶಕ್ತಿಯೂ. ಆದ್ದರಿಂದ ಹೊಸಬರು ಮೊದಲ ಸುತ್ತನ್ನು ಬೀಳದೆ ಮುಗಿಸುವುದನ್ನೇ ಗುರಿಯಾಗಿಸಿಕೊಳ್ಳಬೇಕು. ಕೊರಕಲಿನಲ್ಲಿ ಚಕ್ರವನ್ನು ನೋಡದೆ ಕೊರಕಲಿನ ಆಚೆ ತುದಿಯನ್ನು ನೋಡಿ. ಬಿದ್ದ ಮರದ ದಿಮ್ಮಿ ಎದುರಾದರೆ ಮುಂದಿನ ಚಕ್ರ ಏರಿದೊಡನೆ ಆಕ್ಸಿಲರೇಟರ್ ಮುಚ್ಚಿ, ಹಿಂದಿನ ಚಕ್ರ ಎಳೆತವಿಲ್ಲದೆ ಉರುಳಿ ದಾಟಲಿ. ಹಿಂದಿನಿಂದ ವೇಗದವರು ಬಂದರೆ ಅಗಲವಾದ ಜಾಗದಲ್ಲಿ ಪಕ್ಕಕ್ಕೆ ಸರಿದು ಬಿಡಿ, ನಿಮಗೆ ನಷ್ಟವಾಗುವುದು ಎರಡೇ ಸೆಕೆಂಡು. ಗುರುತಿನ ಟೇಪ್ ದಾಟಿ ಹೊರಗೆ ಹೋದರೆ ಎಲ್ಲಿ ಬಿಟ್ಟಿರೋ ಅಲ್ಲಿಂದಲೇ ಒಳಬನ್ನಿ.

ಹಳ್ಳ ಸಿಕ್ಕಾಗ ಇಳಿದು ನೋಡಲು ಸಮಯವಿರುವುದು ಪ್ರಯಾಣದ ಭಾಗದಲ್ಲಿ, ಅದನ್ನು ಬಳಸಿಕೊಳ್ಳಿ. ನಾನು ಬಳಸಿಕೊಳ್ಳದೆ, ಮುಂದಿನವನು ದಾಟಿದನೆಂಬ ಧೈರ್ಯದಲ್ಲಿ ನುಗ್ಗಿ, ಪಾಚಿಗಟ್ಟಿದ ಉರುಟು ಕಲ್ಲಿನ ಮೇಲೆ ಜಾರಿ ಬೈಕನ್ನು ಪೂರ್ತಿ ಮುಳುಗಿಸಿದ್ದೇನೆ. ಹಾಗಾದರೆ ಮೊದಲು ಎಂಜಿನ್ ಆರಿಸಿ. ಸ್ಟಾರ್ಟರ್ ಗುಂಡಿಯನ್ನು ಮುಟ್ಟಲೇಬೇಡಿ, ಸಿಲಿಂಡರಿನಲ್ಲಿ ತುಂಬಿದ ನೀರನ್ನು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ಎಳೆದು, ಏರ್ ಫಿಲ್ಟರ್ ತೆಗೆದು ಹಿಂಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಬೈಕನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ ಸೈಲೆನ್ಸರಿನ ನೀರನ್ನು ಸುರಿಸಿ. ಆಮೇಲೆ ಪ್ಲಗ್ ಇಲ್ಲದೆಯೇ ಎಂಜಿನ್ನನ್ನು ತಿರುಗಿಸಿದರೆ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ. ಮುಖ ಆಚೆ ಇಟ್ಟುಕೊಳ್ಳಿ. ಎಣ್ಣೆ ನೋಡುವ ಗಾಜಿನ ಕಿಂಡಿಯಲ್ಲಿ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸ್ಪರ್ಧೆ ಅಲ್ಲಿಗೆ ಮುಗಿಯಿತೆಂದು ತಿಳಿದು, ಕಲ್ಲಿನ ಮೇಲೆ ಕುಳಿತು ಬೂಟಿನ ನೀರು ಚೆಲ್ಲಿ, ಇಂಬಳ ಕಿತ್ತುಕೊಳ್ಳಿ. ಎಂಜಿನ್ ಉಳಿಯುತ್ತದೆ.

ಯಾರಾದರೂ ಬಿದ್ದು ಏಳದಿದ್ದರೆ ನಿಮ್ಮ ಟೆಸ್ಟನ್ನು ಬಿಟ್ಟು ನಿಲ್ಲಬೇಕು, ಇದರಲ್ಲಿ ಚರ್ಚೆಯಿಲ್ಲ. ಮೊದಲು ನಿಮ್ಮ ಬೈಕನ್ನು ತಿರುವಿನ ಮೇಲ್ಭಾಗದಲ್ಲಿ ಕಾಣುವಂತೆ ನಿಲ್ಲಿಸಿ ಹಿಂದಿನವರನ್ನು ಎಚ್ಚರಿಸಿ. ಹೆಲ್ಮೆಟ್ ಎಳೆಯಬೇಡಿ, ಉಸಿರಾಟ ನೋಡಿ. ಮುಂದೆ ಬರುವವರ ಕೈಯಲ್ಲಿ ದಾರಿ ನೋಡಿಕೊಳ್ಳುವ ಮಾರ್ಷಲ್‌ಗೆ ಸುದ್ದಿ ಕಳಿಸಿ, ಏಕೆಂದರೆ ಕಣಿವೆಗಳಲ್ಲಿ ಮೊಬೈಲ್ ಸಿಗುವುದಿಲ್ಲ, ಮತ್ತು ವಿದೇಶದ ಸವಾರರು ಒಯ್ಯುವ ಉಪಗ್ರಹ ಸಂವಹನ ಸಾಧನಗಳನ್ನು ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕಾನೂನುಬಾಹಿರ. ಹೆಲ್ಮೆಟ್ಟಿನ ಮೇಲೆ ನಿಮ್ಮ ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ ಬರೆದಿರಲಿ.

ಮನೆಗೆ ಬಂದ ಮೇಲೆ

ಬೈಕನ್ನು ಅಂದೇ ತೊಳೆಯಿರಿ, ಜಂಬಿಟ್ಟಿಗೆ ಮಣ್ಣು ಒಣಗಿದರೆ ಚೈನಿನ ಸಂದುಗಳಲ್ಲಿ ಕಲ್ಲಾಗುತ್ತದೆ. ಒತ್ತಡದ ನೀರಿನ ಮೂತಿಯನ್ನು ಚಕ್ರದ ಬೇರಿಂಗ್‌ಗಳಿಗೆ ಹಿಡಿಯಬೇಡಿ. ಸ್ಪಂಜಿನ ಏರ್ ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜಿನ ಅಂಟು ಬಿಡುತ್ತದೆ. ತಿರುಚದೆ ಅಂಗೈಗಳ ನಡುವೆ ಅದುಮಿ, ಫಿಲ್ಟರ್ ಎಣ್ಣೆಯನ್ನು ಒಂದೇ ಸಮನಾಗಿ ಹಿಡಿಸಿ. ಆಮೇಲೆ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಪ್ರತಿ ಸ್ಪೋಕನ್ನೂ ಸಣ್ಣ ಸ್ಪ್ಯಾನರಿನಿಂದ ತಟ್ಟಿ. ಬಿಗಿಯಾಗಿರುವವು ಟಿಣ್ ಎನ್ನುತ್ತವೆ, ಸಡಿಲವಾದದ್ದು ದಪ್ ಎನ್ನುತ್ತದೆ. ಆ ಸದ್ದು ಬಂದಲ್ಲಿ ಬಣ್ಣದ ದಾರವೊಂದನ್ನು ಕಟ್ಟಿಟ್ಟು, ಮರುದಿನ ಬೆಳಕಿನಲ್ಲಿ ಸ್ಪೋಕಿನ ತುದಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿ ಮಾಡಿ ಮತ್ತೆ ತಟ್ಟಿ ನೋಡಿ.